ನಿಧಾನದವರಿಗೆ ಗೋವಾದ 70.3

ಇದು ಪೋಡಿಯಂ ಹತ್ತುವವರಿಗೆ ಬರೆದದ್ದಲ್ಲ. ಐವತ್ತರ ಹತ್ತಿರ ಬಂದು, ದಿನವಿಡೀ ನಿಂತು ಪಾಠ ಮಾಡಿ, ಸಂಜೆ ಉತ್ತರಪತ್ರಿಕೆ ತಿದ್ದುವ ನನ್ನಂಥವರು ಪಣಜಿಯ ಮಿರಾಮಾರ್ ತೀರದಲ್ಲಿ ಶುರುವಾಗುವ ಐರನ್‌ಮ್ಯಾನ್ 70.3 ಟ್ರಯಥ್ಲಾನ್ ಮುಗಿಸುವುದು ಹೇಗೆ ಅನ್ನುವುದಷ್ಟೇ ಇಲ್ಲಿದೆ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಮೈಲಿಯಲ್ಲಿ ಕೂಡಿದರೆ 70.3, ಹೆಸರು ಅಲ್ಲಿಂದಲೇ. ಇದರ ಎರಡರಷ್ಟು ದೂರದ ಪೂರ್ತಿ ಐರನ್‌ಮ್ಯಾನ್‌ಗೆ ಸಾಮಾನ್ಯವಾಗಿ 17 ಗಂಟೆ ಕೊಡುತ್ತಾರೆ, ನಮಗೆ ಎಂಟೂವರೆ. ಕಾಲೇಜಿನಲ್ಲಿ "ಗೆದ್ದರೆ ಎಷ್ಟು ಕೊಡ್ತಾರೆ ಮೇಡಂ?" ಅಂತ ಕೇಳುತ್ತಾರೆ. ಕೊಡುವವರು ನಾವೇ ಅಂದರೆ ನಂಬುವುದಿಲ್ಲ.

ಸೈಕಲ್ ಕೊಳ್ಳುವ ಮೊದಲು ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿ. ಈಜಿಗೆ 70 ನಿಮಿಷದ ಗಡುವು, ಅಂದರೆ ನೂರು ಮೀಟರಿಗೆ 3 ನಿಮಿಷ 41 ಸೆಕೆಂಡು. ಕೊಳದಲ್ಲಿ ನೂರು ಮೀಟರನ್ನು ಮೂರು ನಿಮಿಷದಲ್ಲಿ ಏದುಸಿರಿಲ್ಲದೆ ಮುಗಿಸುವ ಹಾಗಾದರೆ 57 ನಿಮಿಷಕ್ಕೆ ದಡ ಸೇರುತ್ತೀರಿ. ಬಟ್ಟೆ, ಹೆಲ್ಮೆಟ್ಟು ಅಂತ 8 ನಿಮಿಷ. ಗಂಟೆಗೆ 24 ಕಿ.ಮೀ. ವೇಗದಲ್ಲಿ ಸೈಕಲ್ಲಿಗೆ ಮೂರೂಮುಕ್ಕಾಲು ಗಂಟೆ. ಶೂ ಬದಲಿಸಲು 6 ನಿಮಿಷ. ಕಿಲೋಮೀಟರಿಗೆ 8 ನಿಮಿಷದಂತೆ ಓಡಿದರೆ 2 ಗಂಟೆ 49 ನಿಮಿಷ. ಒಟ್ಟು 7 ಗಂಟೆ 45 ನಿಮಿಷ. ಮಿಕ್ಕ ಮುಕ್ಕಾಲು ಗಂಟೆ ಪಂಕ್ಚರ್‌ಗೆ, ಶೌಚಾಲಯದ ಸಾಲಿಗೆ, ಬಿಸಿಲಿಗೆ. ಸೈಕಲ್ಲಿಗೂ ಪ್ರತ್ಯೇಕ ಗಡುವು ಇರುತ್ತದೆ. ಸಂಘಟಕರು ಕೊಡುವ ಆ ವರ್ಷದ ಕೈಪಿಡಿ (ಅಥ್ಲೀಟ್ ಗೈಡ್) ನೋಡಿಕೊಳ್ಳಿ.

ಈಜಿನ ವಿಷಯದಲ್ಲಿ ಮೈಸೂರಿನವರಿಗೆ ಒಂದು ತೊಡಕು. ಸ್ಪರ್ಧೆ ಬರುವುದು ಮಳೆಗಾಲದ ಬೆನ್ನಿಗೆ, ಅಕ್ಟೋಬರ್–ನವೆಂಬರಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಕಡಲಿಗೆ ಇಳಿಯುವ ಮಾತೇ ಇಲ್ಲ. ಆದ್ದರಿಂದ ಸಮುದ್ರದ ಅಭ್ಯಾಸವನ್ನು ಕೊನೆಗೆ ಇಟ್ಟುಕೊಳ್ಳದೆ ಫೆಬ್ರವರಿ–ಏಪ್ರಿಲ್‌ನಲ್ಲೇ ಮುಗಿಸಿ. ಮಂಗಳೂರಿನ ಕಡೆ ಹೋಗಿ, ಜೀವರಕ್ಷಕರಿರುವ ತೀರ ನೋಡಿಕೊಂಡು, ಈಜು ಬಲ್ಲವರ ಜೊತೆ ಇಳಿಯಿರಿ. ಕೆಆರ್‌ಎಸ್, ಕಬಿನಿ ಹಿನ್ನೀರು ಹತ್ತಿರವಿದೆ ಅಂತ ಅಲ್ಲಿಗೆ ಹೋಗಬೇಡಿ. ಮಿಕ್ಕ ತಿಂಗಳು ಕೊಳ ಸಾಕು: ಐವತ್ತು ಮೀಟರಿನದಾದರೆ 38 ಉದ್ದ, ಗೋಡೆ ಹಿಡಿಯದೆ. ಏಳೆಂಟು ಕೈಗೊಮ್ಮೆ ಕಣ್ಣಷ್ಟೇ ನೀರಿನ ಮೇಲೆತ್ತಿ ಮುಂದೆ ನೋಡುವುದನ್ನು ಕೊಳದಲ್ಲೇ ರೂಢಿ ಮಾಡಿಕೊಳ್ಳಿ. ಇಲ್ಲದಿದ್ದರೆ ಕಡಲಲ್ಲಿ 1.9 ಹೋಗಿ 2.3 ಆಗುತ್ತದೆ.

ಗೋವಾದ ನೀರು ಬೆಚ್ಚಗಿರುವುದರಿಂದ ವೆಟ್‌ಸೂಟಿಗೆ, ಅಂದರೆ ಮೈ ಬೆಚ್ಚಗಿಟ್ಟು ತೇಲಲು ನೆರವಾಗುವ ರಬ್ಬರಿನ ಉಡುಪಿಗೆ, ಅವಕಾಶವಿಲ್ಲ. ಯಾರಾದರೂ ಮಾರಲು ಬಂದರೆ ದುಡ್ಡು ಉಳಿಸಿ. ಉಪ್ಪುನೀರು ಹೇಗೂ ಎತ್ತಿ ಹಿಡಿಯುತ್ತದೆ. ಗುಂಪಿನ ಬದಿಯಲ್ಲಿ, ಹಿಂದೆ ನಿಂತು ಹೊರಡಿ. ಗಾಬರಿಯಾದರೆ ಕಾವಲಿಗಿರುವ ಕಯಾಕ್ ದೋಣಿ ಹಿಡಿದು ಸುಧಾರಿಸಿಕೊಳ್ಳಬಹುದು. ಹಿಡಿದುಕೊಂಡು ಮುಂದೆ ಸಾಗದಿದ್ದರೆ ನಿಯಮಕ್ಕೆ ವಿರೋಧವಿಲ್ಲ. ಇದು ಗೊತ್ತಿದ್ದರೇ ಅರ್ಧ ಭಯ ಹೋಗುತ್ತದೆ, ನನಗಂತೂ ಹೋಯಿತು.

ಸೈಕಲ್ಲಿಗೆ ನಾನು ನಂಜನಗೂಡು ರಸ್ತೆ ಹಿಡಿಯುತ್ತೇನೆ. ಬೇಗೂರು ದಾಟಿ ಸ್ವಲ್ಪ ಮುಂದೆ ಹೋಗಿ ತಿರುಗಿದರೆ ತೊಂಬತ್ತರ ಲೆಕ್ಕ ಸರಿಯಾಗುತ್ತದೆ. ಬಂಡೀಪುರದ ರಾತ್ರಿ ಸಂಚಾರ ನಿಷೇಧ ಮುಗಿದು ಬೆಳಿಗ್ಗೆ 6ಕ್ಕೆ ಗೇಟು ತೆರೆದ ಮೇಲೆ ಕೇರಳದ ಕಡೆಯ ಲಾರಿಗಳು ಸಾಲಾಗಿ ಬರುತ್ತವೆ. ಅವು ನಿಮ್ಮನ್ನು ತಲುಪುವಷ್ಟರಲ್ಲಿ ಬೆಳಕಿರಬೇಕು, ಹಿಂದಿನ ದೀಪವೂ ಉರಿಯುತ್ತಿರಬೇಕು. ಹೆಂಗಸರು ಕತ್ತಲಲ್ಲಿ ಒಬ್ಬರೇ ಹೊರಡಬೇಡಿ ಅಂತ ಹೇಳಲು ನನಗೇ ಬೇಸರ, ಆದರೂ ಜೊತೆ ಮಾಡಿಕೊಳ್ಳಿ. ಟ್ಯೂಬ್ ಬದಲಿಸುವುದನ್ನು ಮನೆಯ ಅಂಗಳದಲ್ಲಿ ಕಣ್ಣುಮುಚ್ಚಿ ಮಾಡುವಷ್ಟು ಕಲಿಯಿರಿ. ಸ್ಪರ್ಧೆಯಲ್ಲಿ ಗಂಡನೋ ಗೆಳೆಯರೋ ಬಂದು ಕೈಹಾಕಿದರೆ ಹೊರಗಿನ ಸಹಾಯ ಅಂತ ನಿಮ್ಮನ್ನೇ ಅನರ್ಹ ಮಾಡಬಹುದು. ಮುಂದಿನವರಿಂದ 12 ಮೀಟರ್ ಅಂತರ ಬಿಡಬೇಕು. ಸ್ಟ್ಯಾಂಡಿನಿಂದ ಸೈಕಲ್ ಮುಟ್ಟುವ ಮೊದಲೇ ಹೆಲ್ಮೆಟ್ ಬಕಲ್ ಹಾಕಿರಬೇಕು.

ಈಗ ಊಟ. ನಿಧಾನದವರು ಕೈಬಿಡುವುದು ಕಾಲಿನಿಂದಲ್ಲ, ಹೊಟ್ಟೆಯಿಂದ. ಐದೂವರೆ ಗಂಟೆಯಲ್ಲಿ ಮುಗಿಸುವವರಿಗಿಂತ ನಾವು ಬಿಸಿಲಲ್ಲಿ ಹೆಚ್ಚು ಹೊತ್ತು ಇರುತ್ತೇವೆ, ಹೆಚ್ಚು ತಿನ್ನಬೇಕು. ಸೈಕಲ್ ಮೇಲೆ ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ ಇಟ್ಟುಕೊಳ್ಳಿ. ದುಬಾರಿ ಎನರ್ಜಿ ಜೆಲ್ಲೇ ಆಗಬೇಕಿಲ್ಲ: ಎರಡು ಏಲಕ್ಕಿ ಬಾಳೆಹಣ್ಣು, ಬಾಟಲಿಯಲ್ಲಿ 35 ಗ್ರಾಂ ಸಕ್ಕರೆ, ನಿಂಬೆರಸ, ಉಪ್ಪು. ಸಕ್ಕರೆಯನ್ನು ತಕ್ಕಡಿಯಲ್ಲಿ ತೂಗಿ ಹಾಕಿ, ಅಂದಾಜು ಬೇಡ. ನಂಜನಗೂಡು ರಸಬಾಳೆ ಬಾಯಿಗೆ ಅಮೃತ, ಜೇಬಿನಲ್ಲಿ ರಾಡಿ. ಕಡಲೆಬೀಜದ ಚಿಕ್ಕಿ ಕೊಬ್ಬಿನಿಂದಾಗಿ ಹೊಟ್ಟೆಯಲ್ಲಿ ಕೂತುಬಿಡುತ್ತದೆ. ಓಆರ್‌ಎಸ್ ಒಂದನ್ನೇ ನಂಬಿಕೊಳ್ಳುವವರಿದ್ದಾರೆ. ಒಂದು ಲೀಟರಿನಲ್ಲಿ 13.5 ಗ್ರಾಂ ಗ್ಲೂಕೋಸ್ ಅಷ್ಟೇ ಇರುವುದು. ಅದು ಉಪ್ಪಿಗೆ, ಊಟಕ್ಕಲ್ಲ. ಬರೀ ನೀರನ್ನೇ ಗಟಗಟ ಕುಡಿಯುವುದು ಇನ್ನೂ ಅಪಾಯ, ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ಗೊಂದಲ ಶುರುವಾಗುತ್ತದೆ. ಎಷ್ಟು ಕುಡಿಯಬೇಕು ಅಂತ ತಿಳಿಯಲು ಒಂದು ಗಂಟೆ ಸೈಕಲ್ ತುಳಿಯುವ ಮೊದಲೂ ಆಮೇಲೂ ತೂಕ ನೋಡಿ: ನೀರು ಕುಡಿಯದಿದ್ದರೆ, ಇಳಿದ ಒಂದು ಕಿಲೋ ಅಂದರೆ ಒಂದು ಲೀಟರ್ ಬೆವರು. ಸ್ಪರ್ಧೆಯ ಬೆಳಿಗ್ಗೆ ನಾಲ್ಕಕ್ಕೆ ಪಣಜಿಯಲ್ಲಿ ಇಡ್ಲಿ ಹುಡುಕುತ್ತಾ ಹೋಗಬೇಡಿ. ಬೆಲ್ಲ ಹಾಕಿದ ಅವಲಕ್ಕಿಯನ್ನು ಡಬ್ಬಿಯಲ್ಲಿ ಒಯ್ಯಿರಿ.

ಓಟ ಶುರುವಾಗುವುದು ನೆತ್ತಿಯ ಬಿಸಿಲಿಗೆ. ಕುಕ್ಕರಹಳ್ಳಿ ಕೆರೆಯ ಸುತ್ತ ನಸುಕಿನ ತಂಪಿನಲ್ಲಿ ಎಷ್ಟು ಓಡಿದರೂ ಆ ಸೆಕೆ ಗೊತ್ತಾಗುವುದಿಲ್ಲ. ಕೊನೆಯ ಎರಡು ತಿಂಗಳು ಭಾನುವಾರ ಸೈಕಲ್ ಇಳಿದ ತಕ್ಷಣ, ಹತ್ತೂವರೆ ಬಿಸಿಲಲ್ಲಿ ಅರ್ಧ ಗಂಟೆ ಓಡಿ. ಮೊದಲ ಹತ್ತು ನಿಮಿಷ ಕಾಲು ನಿಮ್ಮದಲ್ಲ ಅನಿಸುತ್ತದೆ, ಆಮೇಲೆ ಬರುತ್ತದೆ. ಮನೆಯಲ್ಲಿ ಬೈಯುತ್ತಾರೆ, ಬೈಸಿಕೊಳ್ಳಿ. ತಲೆಸುತ್ತು, ವಾಕರಿಕೆ ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಗೋವಾದಲ್ಲಿ ನೀರು ಕೊಡುವ ಪ್ರತಿ ಮೇಜಿನ ಬಳಿ ನಡೆಯಿರಿ, ಮಿಕ್ಕೆಡೆ ಓಡಿ. ತಲೆಗೆ ನೀರು ಸುರಿದುಕೊಳ್ಳುವಾಗ ಮುಂದಕ್ಕೆ ಬಾಗಿ. ಶೂ ಒದ್ದೆಯಾದರೆ ಹದಿನೈದನೇ ಕಿಲೋಮೀಟರಿಗೆ ಬೊಬ್ಬೆ ಎದ್ದಿರುತ್ತದೆ. ಐಸ್ ಸಿಕ್ಕರೆ ಟೋಪಿಯೊಳಗೆ.

ಹಿಂದಿನ ದಿನ ಸೈಕಲ್ ಒಪ್ಪಿಸುವಾಗ ಟೈರಿನ ಗಾಳಿ ಸ್ವಲ್ಪ ಇಳಿಸಿ. ಬಿಸಿಲಲ್ಲಿ ನಿಂತ ಟ್ಯೂಬ್ ಒಡೆಯುವುದುಂಟು. ಬೆಳಿಗ್ಗೆ ಪಂಪು ಮರೆಯಬೇಡಿ. ತೊಡೆ, ಕಂಕುಳಿಗೆ ವ್ಯಾಸಲೀನ್ ಧಾರಾಳ.

ಗೆರೆ ದಾಟಿದ ಮೇಲೆ ತಕ್ಷಣ ಕೂರಬೇಡಿ, ಹತ್ತು ನಿಮಿಷ ನಡೆಯಿರಿ, ಉಪ್ಪಿರುವುದೇನಾದರೂ ತಿನ್ನಿ. ಸ್ಪರ್ಧೆಯವರು ಕಟ್ಟಿದ ಕೈಪಟ್ಟಿ ಕತ್ತರಿಸಿ ಎಸೆಯಬೇಡಿ, ಸೈಕಲ್ ವಾಪಸು ಕೊಡುವಾಗ ಕೇಳುತ್ತಾರೆ. ಅವತ್ತೇ ರಾತ್ರಿ ಕಾರು ಓಡಿಸಿಕೊಂಡು ಊರಿಗೆ ಹೊರಡುವ ಧೈರ್ಯ ಬೇಡ. ರೂಮನ್ನು ಇನ್ನೊಂದು ದಿನಕ್ಕೆ ಮೊದಲೇ ಹೇಳಿಟ್ಟಿರಿ, ಸಾಧ್ಯವಾದರೆ ನೆಲಮಹಡಿಯದು.