ಗಂಧ ಬೇಕು, ದೇವರ ಮನೆ ಬೇಡ

ಮೈಸೂರಿನವರಿಗೆ ಗಂಧ ಹಚ್ಚಿಕೊಳ್ಳುವುದರಲ್ಲಿ ಒಂದು ತಾಪತ್ರಯ ಇದೆ. ಪ್ಯಾರಿಸ್ಸಿನವರು ಹಚ್ಚಿಕೊಂಡರೆ ಅದು ಪರ್ಫ್ಯೂಮು, ನಾವು ಹಚ್ಚಿಕೊಂಡರೆ ಊದುಬತ್ತಿ. ಮೊದಲ ಸಲ ಗಂಧದೆಣ್ಣೆ ಹಚ್ಚಿಕೊಂಡು ಆಫೀಸಿಗೆ ಹೊರಟಾಗ ಅಮ್ಮ ಅಡುಗೆಮನೆಯಿಂದಲೇ "ದೀಪ ಹಚ್ಚಿದ್ಯೇನೇ?" ಅಂತ ಕೇಳಿದರು.

ಆದರೂ ನನಗೆ ಬೇಕಿದ್ದದ್ದು ಗಂಧವೇ. ಅಂಗಡಿಯ ಸೆಂಟುಗಳನ್ನೂ ಹಾಕಿ ನೋಡಿದ್ದೆ. ನನ್ನ ಇಷ್ಟದ ಸೆಂಟನ್ನೇ ಆಫೀಸಿನಲ್ಲಿ ಇನ್ನೂ ಇಬ್ಬರು ಹಾಕಿಕೊಂಡು ಬರುತ್ತಿದ್ದರು. ಲಿಫ್ಟಿನಲ್ಲಿ ನನ್ನ ಹಿಂದೆ ನಾನೇ ನಿಂತಿದ್ದೀನೇನೋ ಅನ್ನಿಸುತ್ತಿತ್ತು. ಒಂದರ ಮೇಲೊಂದು ಹಚ್ಚಿ ನಮ್ಮದೇ ಒಂದು ಘಮ ಮಾಡಿಕೊಳ್ಳಬಹುದು, ಅದಕ್ಕೆ ಲೇಯರಿಂಗ್ ಅಂತಾರೆ ಅಂತ ಗೊತ್ತಾದ ಮೇಲೆ ಸುಮಾರು ಎಂಟು ತಿಂಗಳು ಅದರಲ್ಲೇ ಬಿದ್ದಿದ್ದೆ.

ಶುರುವಿನಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಇಷ್ಟವಾದ ಎರಡನ್ನು ಸೇರಿಸಿದರೆ ಎರಡರಷ್ಟು ಇಷ್ಟವಾಗಬೇಕು ಅಲ್ವಾ? ಮಲ್ಲಿಗೆ ಅತ್ತರು ಹಚ್ಚಿ, ಅದರ ಮೇಲೆ ವೆನಿಲ್ಲಾ ಪರ್ಫ್ಯೂಮು ಹೊಡೆದುಕೊಂಡು ರೈಲು ಹತ್ತಿದೆ. ಪಕ್ಕದಲ್ಲಿದ್ದ ಹೆಂಗಸು ಸುಮ್ಮನೆ ಕಿಟಕಿ ಎತ್ತಿದರು. ಆಮೇಲೆ "ಮದುವೆಗಾಮ್ಮಾ ಹೊರಟಿದ್ದು?" ಅಂದರು. ಮಲ್ಲಿಗೆಯಲ್ಲಿ ಇಂಡೋಲ್ ಅನ್ನುವ ಅಂಶ ಇರುತ್ತದೆ. ಹೂವಿನಲ್ಲಿ ಹದವಾಗಿದ್ದಾಗ ಅದೇ ಅಮಲು, ಜಾಸ್ತಿಯಾದರೆ ನುಸಿಗುಳಿಗೆ. ಬಿಸಿಲೇರಿ ಮೈ ಬೆವೆತ ಮೇಲೆ ನಾನು ನುಸಿಗುಳಿಗೆ ಹಾಕಿಟ್ಟ ಪೆಟ್ಟಿಗೆಯಲ್ಲಿ ಮರೆತು ಬಿಟ್ಟ ಕೇಕಿನ ಹಾಗಿದ್ದೆ.

ರೈಲಿನ ವಿಷಯ ಯಾಕೆ ಬಂತು ಅಂದರೆ, ನನಗೆ ಪಾಠ ಆಗಿದ್ದೇ ಅಲ್ಲಿ. ವಾರಕ್ಕೆ ಮೂರು ದಿನ ಬೆಳಗಿನ ರೈಲಿನಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಹೋಗುತ್ತೇನೆ. ಪರಿಮಳ ಒಂದೇ ಸಲಕ್ಕೆ ಹಾರುವುದಿಲ್ಲ. ನಿಂಬೆ, ಕಿತ್ತಳೆಯಂಥವು ಹಗುರ, ಮೊದಲು ಹೋಗುತ್ತವೆ. ಹೂವಿನವು ನಡುವೆ. ಗಂಧ, ಲಾವಂಚ, ಪಚ್ಚೆತೆನೆಯಂಥ ಭಾರದವು ಕೊನೆವರೆಗೂ ಮೈಮೇಲಿರುತ್ತವೆ. ಇದನ್ನು ಟಾಪ್, ಹಾರ್ಟ್, ಬೇಸ್ ಅಂತ ಎಲ್ಲರೂ ಹೇಳುತ್ತಾರೆ, ನನಗೆ ತಲೆಗೆ ಹತ್ತಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಒಂದು ಸಲ, ಮಂಡ್ಯದಲ್ಲಿ ಒಂದು ಸಲ, ಮದ್ದೂರಿನಲ್ಲಿ ವಡೆಯವನು ಬೋಗಿಗೆ ಹತ್ತುವುದಕ್ಕೆ ಮುಂಚೆ ಒಂದು ಸಲ (ಅವನು ಬಂದ ಮೇಲೆ ಯಾವ ಪರೀಕ್ಷೆಯೂ ನಡೆಯುವುದಿಲ್ಲ), ಕೆಂಗೇರಿಯಲ್ಲಿ ಒಂದು ಸಲ ಮಣಿಕಟ್ಟು ಮೂಸಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದೆ. ಆಗ ಅರ್ಥವಾಯಿತು. ನಿಂಬೆ ಮಂಡ್ಯ ದಾಟುವುದಿಲ್ಲ. ಅಂಗಡಿಯಲ್ಲಿ ಐದು ನಿಮಿಷ ಮೂಸಿ ಕೊಂಡು ತಂದದ್ದೆಲ್ಲ ಶ್ರೀರಂಗಪಟ್ಟಣದವರೆಗಿನ ಘಮ ಅಷ್ಟೇ.

ಗಂಧಕ್ಕೆ ಬರುತ್ತೇನೆ. ಮೊದಲು ಮೋಸ ಹೋದೆ. ಒಂದು ಅಂಗಡಿಯಲ್ಲಿ "ಪ್ಯೂರ್ ಸ್ಯಾಂಡಲ್" ಅಂತ ಕೊಟ್ಟ ಸೀಸೆ ಹಚ್ಚಿದ ಕೂಡಲೇ ಬೀದಿಗೆಲ್ಲ ಕೇಳುವಂತೆ ಘಮಘಮಿಸಿತು, ಒಂದು ಗಂಟೆಗೆ ಸತ್ತಿತು. ಅಸಲಿ ಗಂಧದೆಣ್ಣೆಯ ನಡವಳಿಕೆ ಇದಕ್ಕೆ ಪೂರಾ ಉಲ್ಟಾ. ಹಚ್ಚಿದಾಗ "ಇಷ್ಟೇನಾ?" ಅನ್ನಿಸುತ್ತದೆ, ಹಾಲಿನ ಹಾಗೆ ಮೆತ್ತಗೆ, ಸದ್ದಿಲ್ಲದೆ ಇರುತ್ತದೆ. ಸಂಜೆ ಮನೆಗೆ ಬಂದು ಬಟ್ಟೆ ಬದಲಿಸುವಾಗಲೂ ಅಲ್ಲೇ ಇರುತ್ತದೆ. ನಾಲ್ವಡಿಯವರ ಕಾಲದಲ್ಲಿ, 1916-17ರ ಸುಮಾರಿಗೆ, ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಅದೇ ಪರಂಪರೆಯ ಸರ್ಕಾರಿ ಮಳಿಗೆಯಿಂದ ಚಿಕ್ಕ ಸೀಸೆ ತಂದೆ. ದುಬಾರಿ. ಒಂದೊಂದು ಹನಿಯನ್ನೂ ಲೆಕ್ಕ ಇಟ್ಟು ಬಳಸಿದೆ.

ಎಣ್ಣೆ ಸರಿಯಾಯಿತು, ಆದರೆ ದೇವರ ಮನೆಯ ವಾಸನೆ ಹೋಗಲಿಲ್ಲ. ದಾರಿ ತೋರಿಸಿದ್ದು ಹೂವಿನಂಗಡಿ. ನಮ್ಮಲ್ಲಿ ಮಲ್ಲಿಗೆ ಜೊತೆ ಮರುಗ, ದವನ ಸೇರಿಸಿ ಕಟ್ಟುತ್ತಾರಲ್ಲ, ಅದನ್ನು ಬರೀ ಬಣ್ಣಕ್ಕೆ ಅಂದುಕೊಂಡಿದ್ದೆ. ಒಂದು ದಿನ ಮಾಲೆಯಿಂದ ಮರುಗ ಕಿತ್ತು ಬರೀ ಮಲ್ಲಿಗೆ ಮೂಸಿ ನೋಡಿದೆ. ತಲೆ ಭಾರವಾಗುವಷ್ಟು ಸಿಹಿ. ಮರುಗ ಸೇರಿದರೆ ಆ ಸಿಹಿಗೆ ಸೊಪ್ಪಿನ ಒಗರು ಸಿಕ್ಕಿ ಹಗುರವಾಗುತ್ತದೆ. ಅಂದರೆ ಇನ್ನೊಂದು ಸಿಹಿ ಸೇರಿಸಬಾರದು, ಸಿಹಿಯನ್ನು ಮುರಿಯುವುದನ್ನು ಸೇರಿಸಬೇಕು. ನಾನು ಅಲ್ಲಿವರೆಗೆ ಗಂಧದ ಜೊತೆ ಗುಲಾಬಿ, ಸಂಪಿಗೆ, ಕೇದಗೆ ಅಂತ ಹೂವಿನ ಅತ್ತರನ್ನೇ ಹಾಕುತ್ತಿದ್ದೆ. ಪೂಜೆ ತಟ್ಟೆಗೆ ಇನ್ನಷ್ಟು ಹೂವು ಇಟ್ಟ ಹಾಗೆ. ಮತ್ತೆ ದೇವರ ಮನೆ ಆಗದೆ ಇನ್ನೇನಾಗುತ್ತದೆ!

ಹಾಗೆ ಲಾವಂಚಕ್ಕೆ ಬಂದೆ. ಬೇಸಿಗೆಯಲ್ಲಿ ಕುಡಿಯುವ ನೀರಿನ ಮಡಕೆಗೆ ಹಾಕುವ ಅದೇ ಬೇರು. ಉತ್ತರ ಪ್ರದೇಶದ ಕನೌಜಿನಲ್ಲಿ ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸಿದ ಲಾವಂಚದ ಎಣ್ಣೆಗೆ ರೂಹ್ ಖಸ್ ಅಂತಾರೆ. ಆ ತಾಮ್ರದಿಂದಲೇ ಅದಕ್ಕೆ ಹಸಿರು ಬಣ್ಣ. ಗಂಧಕ್ಕೆ ಸಮಸಮ ಹಾಕಿ ನೋಡಿದೆ, ಮಳೆಯಲ್ಲಿ ನೆನೆದ ಗೋಣಿಚೀಲ. ಎರಡಕ್ಕೊಂದು, ಗೋಣಿಚೀಲ ಸ್ವಲ್ಪ ಒಣಗಿತು. ನಾಲ್ಕು ಹನಿ ಗಂಧಕ್ಕೆ ಒಂದು ಹನಿ ಲಾವಂಚ ಹಾಕಿದಾಗ ಬೇರೆಯದೇ ಏನೋ ಬಂತು: ಒಣ ಮರ, ತಣ್ಣಗಿನ ಮಣ್ಣು, ಊದುಬತ್ತಿಯ ಸುಳಿವೇ ಇಲ್ಲ.

ಈ ಅಳತೆಗೆಲ್ಲ ಮೈಮೇಲೆ ಹಚ್ಚಿ ನೋಡುತ್ತಾ ಕೂರಬೇಡಿ, ಎಣ್ಣೆಯೂ ದಂಡ, ಚರ್ಮವೂ ಉರಿಯುತ್ತದೆ. ಡ್ರಾಯಿಂಗ್ ಶೀಟನ್ನು ಕಿರುಬೆರಳಗಲದ ಪಟ್ಟಿ ಕತ್ತರಿಸಿ, ಒಂದೊಂದಕ್ಕೆ ಒಂದೊಂದು ಹನಿ ಹಾಕಿ. ನಾಲ್ಕು ಗಂಧದ ಪಟ್ಟಿ, ಒಂದು ಲಾವಂಚದ ಪಟ್ಟಿ ಸೇರಿಸಿ ಬೀಸಣಿಗೆ ಹಾಗೆ ಹಿಡಿದು ಮೂಗಿನ ಮುಂದೆ ಆಡಿಸಿದರೆ ಸೇರಿದಾಗ ಹೇಗಿರುತ್ತದೆ ಅನ್ನುವ ಅಂದಾಜು ಸಿಗುತ್ತದೆ. ಮದುವೆ ಕಾರ್ಡು ಕತ್ತರಿಸಿ ನೋಡಿದ್ದೆ, ಅದರ ಶಾಯಿ ವಾಸನೆಯೇ ಮುಂದೆ ಬಂತು. ಮೂಗು ಸೋತರೆ ಕಾಫಿ ಬೀಜ ಮೂಸಬೇಕು ಅಂತಾರೆ. ನಾನು ನನ್ನ ತೋಳಿನ ಬಟ್ಟೆ ಮೂಸುತ್ತೇನೆ, ಅಷ್ಟೇ ಕೆಲಸ ಆಗುತ್ತದೆ. ನಾಲ್ಕೈದು ಪಟ್ಟಿ ಆದ ಮೇಲೆ ನಿಲ್ಲಿಸಿ.

ಈಗ ಹತ್ತು ಎಂಎಲ್ ರೋಲ್-ಆನ್ ಸೀಸೆಯಲ್ಲಿ ಹನ್ನೆರಡು ಹನಿ ಗಂಧ, ಮೂರು ಹನಿ ಲಾವಂಚ, ಉಳಿದದ್ದು ತನ್ನದೇ ವಾಸನೆ ಅಷ್ಟಾಗಿ ಇಲ್ಲದ ಜೊಜೊಬಾ ಎಣ್ಣೆ. ಕೊಬ್ಬರಿ ಎಣ್ಣೆ ಹಾಕಬೇಡಿ, ಘಮಕ್ಕಿಂತ ಮುಂಚೆ ಒಗ್ಗರಣೆ ನೆನಪಾಗುತ್ತದೆ. ಹೊಸದಾದರೆ ಮೊಣಕೈ ಒಳಭಾಗಕ್ಕೆ ಒಂಚೂರು ಹಚ್ಚಿ ಒಂದು ದಿನ ಬಿಟ್ಟು ನೋಡಿ. ಬೆಳಿಗ್ಗೆ ಗಂಧದ ಸೋಪಿನ ಸ್ನಾನ, ಅದೂ ಒಂದು ಲೇಯರ್ರೇ, ಲೆಕ್ಕಕ್ಕೆ ತಗೊಳ್ಳಿ. ಮೈ ಪೂರ್ತಿ ಒಣಗುವ ಮುಂಚೆ ವಾಸನೆಯಿಲ್ಲದ ಕ್ರೀಮು, ಯಾಕೆಂದರೆ ಒಣ ಚರ್ಮದಲ್ಲಿ ಪರಿಮಳ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದರ ಮೇಲೆ ಈ ಎಣ್ಣೆ. ಎಣ್ಣೆ ಇಳಿಯಲು ತಿಂಡಿ ತಿನ್ನುವಷ್ಟು ಹೊತ್ತು ಬಿಡುತ್ತೇನೆ. ಅವಸರದಲ್ಲಿ ಬಟ್ಟೆ ಹಾಕಿಕೊಂಡು ಒಂದು ತಿಳಿನೀಲಿ ಕುರ್ತಾ ಕಳೆದುಕೊಂಡಿದ್ದೇನೆ.

ಕೊನೆಗೆ ಸಿಟ್ರಸ್. ಜರ್ಮನಿಯಲ್ಲಿರುವ ಅಣ್ಣ ತಂದುಕೊಟ್ಟ 4711 ಕೊಲೋನ್, ನಿಂಬೆ, ಕಿತ್ತಳೆ, ರೋಸ್ಮರಿಯ ಹಳೇ ಕಾಲದ ಘಮ. ಇದನ್ನು ಚರ್ಮಕ್ಕೆ ಹಾಕುವುದಿಲ್ಲ. ಕೆಲವು ಸಿಟ್ರಸ್ ಎಣ್ಣೆಗಳು ಮೈಮೇಲಿದ್ದಾಗ ಬಿಸಿಲು ಬಿದ್ದರೆ ಚರ್ಮ ಕಪ್ಪಾಗುತ್ತದೆ, ಬೊಬ್ಬೆ ಏಳುವುದೂ ಉಂಟು. ದುಪಟ್ಟಾದ ಒಳಮೈಗೆ ಎರಡು ಸಲ ಹೊಡೆಯುತ್ತೇನೆ. ಮಂಡ್ಯದವರೆಗೆ ಅದು ಮುಂದೆ, ಗಂಧ ಹಿಂದೆ. ಆಮೇಲೆ ಗಂಧ ತಾನೇ ಮುಂದೆ ಬರುತ್ತದೆ, ಯಾರೂ ಗಮನಿಸದ ಹಾಗೆ.

ನನಗೆ ಮಾತ್ರ ಹತ್ತು ನಿಮಿಷಕ್ಕೇ ಘಮವೇ ಗೊತ್ತಾಗುವುದಿಲ್ಲ, ಮೂಗಿಗೆ ರೂಢಿಯಾಗಿಬಿಡುತ್ತದೆ. ಮೊದಮೊದಲು ಹೋಯಿತೇನೋ ಅಂತ ಮತ್ತೆ ಮತ್ತೆ ಹಚ್ಚಿ ಮೀಟಿಂಗ್ ರೂಮಿನಲ್ಲಿ ಎದುರಿನವರನ್ನು ಸೀನಿಸಿದ್ದೇನೆ. ಈಗ ಪಕ್ಕದ ಸೀಟಿನ ಗೆಳತಿಯನ್ನು ಕೇಳುತ್ತೇನೆ. "ಇದೆ" ಅಂದರೆ ಇದೆ.

ಬೇಸಿಗೆಗೆ ಇದು ಪಕ್ಕಾ. ಆದರೆ ಚಳಿ, ಮಳೆ ಬಂದರೆ ಲಾವಂಚ ಮತ್ತೆ ಗೋಣಿಚೀಲದ ಕಡೆ ವಾಲುತ್ತದೆ. ಅದಕ್ಕೇ ಈಗ ಅದರ ಬದಲು ದವನದ ಎಣ್ಣೆ ಹಾಕಿ ನೋಡುತ್ತಿದ್ದೇನೆ. ಹಸಿ ದವನದಲ್ಲಿರುವ ಒಗರಿಗಿಂತ ಅದರ ಎಣ್ಣೆಯಲ್ಲಿ ಹಣ್ಣಿನ ಸಿಹಿಯೇ ಜಾಸ್ತಿ ಅಂತ ಕೊಂಡ ಮೇಲೆ ಗೊತ್ತಾಯಿತು. ಹನ್ನೆರಡಕ್ಕೆ ಒಂದೇ ಹನಿ ಹಾಕಿದ್ದೇನೆ. ಮಂಡ್ಯದವರೆಗೂ ಚೆನ್ನಾಗಿರುತ್ತದೆ, ಮದ್ದೂರಿಗೆ ಹಲಸಿನ ಹಣ್ಣಾಗುತ್ತದೆ. ನಾಳೆ ಅರ್ಧ ಹನಿ ಹಾಕುವುದು ಹೇಗೆ ಅಂತ ಯೋಚಿಸುತ್ತಿದ್ದೇನೆ.