ಸರ್ಕಾರಿ ಪ್ರಕಟಣೆಗಳನ್ನು ಕೂಡಿಸಿಟ್ಟ ಬಗೆ: ನನ್ನ ಅನುಭವ

ಮಂಗಳೂರಿನ ಕಾಲೇಜೊಂದರ ಗ್ರಂಥಾಲಯದಲ್ಲಿ ರಾಜ್ಯ ಸರ್ಕಾರದ ಪ್ರಕಟಣೆಗಳಿಗೆಂದೇ ಒಂದು ವಿಭಾಗವನ್ನು ಕಟ್ಟಲು ಹೊರಟಾಗ ನನಗೆ ಮೊದಲು ಮನವರಿಕೆಯಾದದ್ದು, ಇವು ತಾವಾಗಿ ಗ್ರಂಥಾಲಯಕ್ಕೆ ಬರುವುದಿಲ್ಲ ಎಂಬುದು. ಪ್ರಕಾಶಕರು ಪುಸ್ತಕದ ಪ್ರತಿಗಳನ್ನು ಗ್ರಂಥಾಲಯಗಳಿಗೆ ಒಪ್ಪಿಸಬೇಕೆನ್ನುವ 1954ರ ಕೇಂದ್ರ ಕಾಯಿದೆ ಸರ್ಕಾರದ ಪ್ರಕಟಣೆಗಳಿಗೂ ಅನ್ವಯಿಸುತ್ತದೆ. ಆದರೆ ಅದರ ಪ್ರಕಾರ ಪ್ರತಿಗಳು ಸಲ್ಲುವುದು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿದಂತೆ ನಾಲ್ಕು ಗ್ರಂಥಾಲಯಗಳಿಗೆ ಮಾತ್ರ. ಕಚೇರಿಯ ಬಳಕೆಗಷ್ಟೇ ಅಚ್ಚಾದುದನ್ನು ಕಾಯಿದೆಯೇ ಹೊರಗಿಟ್ಟಿದೆ. ನಮ್ಮ ಓದುಗರು ಕೇಳಿಕೊಂಡು ಬರುವ ಸುತ್ತೋಲೆಗಳ ಸಂಗ್ರಹ, ಸಮೀಕ್ಷೆಯ ಕಿರುಹೊತ್ತಗೆಗಳಲ್ಲಿ ಹಲವು ಇಂಥವೇ.

ಹೀಗಾಗಿ ಕಚೇರಿಗಳಿಗೆ ನಾನೇ ಹೋಗತೊಡಗಿದೆ. ಪ್ರಾಂಶುಪಾಲರ ಸಹಿಯುಳ್ಳ ಪತ್ರವನ್ನು ಟಪಾಲು ವಿಭಾಗಕ್ಕೆ ಕೊಡುವುದು ಕ್ರಮವಾದರೂ, ಪುಸ್ತಕ ಕೈಗೆ ಬರುವುದು ಆಯಾ ವಿಷಯದ ಕಡತಗಳನ್ನು ನೋಡಿಕೊಳ್ಳುವ ಗುಮಾಸ್ತರ, ಅಂದರೆ ವಿಷಯ ನಿರ್ವಾಹಕರ, ಪರಿಚಯದಿಂದ. ಬಜೆಟ್ ಅಧಿವೇಶನದ ಆಸುಪಾಸಿನಲ್ಲಿ ಇಲಾಖೆಗಳ ವಾರ್ಷಿಕ ವರದಿಗಳನ್ನೂ, ಸಾಂಖ್ಯಿಕ ಕಚೇರಿಯಿಂದ ‘ಜಿಲ್ಲಾ ಅಂಕಿ ಅಂಶಗಳ ನೋಟ’ವನ್ನೂ ಹೊರಬಂದ ಹೊತ್ತಿನಲ್ಲೇ ಕೇಳಿ ಪಡೆಯುತ್ತೇನೆ, ಏಕೆಂದರೆ ಮರುವರ್ಷ ಕೇಳಿದರೆ ಕಚೇರಿಯ ಸ್ವಂತ ಪ್ರತಿಯೂ ಸಿಗುವ ಭರವಸೆಯಿಲ್ಲ. ಕಚೇರಿ ಸ್ಥಳಾಂತರವಾಗುವ ಸುದ್ದಿ ತಿಳಿದರೆ ಮೊದಲೇ ಹೋಗಿ ನಿಲ್ಲುವುದು ಒಳ್ಳೆಯದು. ಹಳೆಯ ಕಟ್ಟುಗಳು ಗುಜರಿಗೆ ಸೇರುವುದು ಆಗಲೇ. ಸರ್ಕಾರದ ಆದೇಶ, ಅಧಿಸೂಚನೆಗಳು ಅಚ್ಚಾಗುವ ಗೆಜೆಟಿನ (ರಾಜ್ಯಪತ್ರದ) ಹಳೆಯ ಸಂಚಿಕೆಗಳು ಮಾತ್ರ ನಮಗೆ ಹೆಚ್ಚಾಗಿ ದೊರೆತದ್ದು ವಕೀಲರ ಕಚೇರಿಗಳಲ್ಲಿ. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿ ವ್ಯಾಜ್ಯಗಳು ಈ ಜಿಲ್ಲೆಯಲ್ಲಿ ಅಷ್ಟೊಂದಿದ್ದುದರಿಂದ ಅವರು ಅಧಿಸೂಚನೆಗಳನ್ನು ಜೋಪಾನ ಮಾಡಿದ್ದರು.

ಕರಾವಳಿಯ ಗ್ರಂಥಪಾಲಕನಿಗೆ ಇನ್ನೊಂದು ತೊಡಕುಂಟು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡವು ಮದರಾಸಿಗೆ ಸೇರಿತ್ತು. ಅಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಕಾಸರಗೋಡು ಕೇರಳಕ್ಕೆ ಹೋಯಿತು. 1973ರಲ್ಲಿ ರಾಜ್ಯದ ಹೆಸರೇ ಬದಲಾಯಿತು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಬ್ರಿಟಿಷ್ ಅಧಿಕಾರಿ ಸ್ಟರಾಕ್ ಸಿದ್ಧಪಡಿಸಿದ 1894ರ ಜಿಲ್ಲಾ ಕೈಪಿಡಿ ಮದರಾಸಿನ ಸರ್ಕಾರಿ ಮುದ್ರಣಾಲಯದ್ದಾದರೆ 1973ರ ಜಿಲ್ಲಾ ಗೆಜೆಟಿಯರ್ ಬೆಂಗಳೂರಿನದು. ಸರ್ಕಾರವನ್ನೇ ಕರ್ತೃವೆಂದು ನಮೂದಿಸುವ ಸೂಚೀಕರಣದ (ಕ್ಯಾಟಲಾಗ್ ತಯಾರಿಕೆಯ) ನಿಯಮವನ್ನು ಪಾಲಿಸಿದಾಗ ಒಂದೇ ಜಿಲ್ಲೆಯ ಸಾಮಗ್ರಿ ಮದರಾಸು, ಮೈಸೂರು, ಕರ್ನಾಟಕ ಎಂಬ ಮೂರು ಕಡೆ ಹಂಚಿಹೋಗುತ್ತದೆ. ನಿಯಮವನ್ನು ಮುರಿಯದೆ, ಪ್ರತಿ ಹೆಸರಿನಿಂದ ಅದರ ಹಿಂದಿನ ಮತ್ತು ಮುಂದಿನ ಹೆಸರಿಗೆ ಅಡ್ಡ ಉಲ್ಲೇಖಗಳನ್ನು ಕೊಟ್ಟೆ. ಇಲಾಖೆಗಳು ಒಡೆದು ಕೂಡುವಾಗಲೂ ಇದೇ ಕ್ರಮ. ಬೇಸರದ ಕೆಲಸ ನಿಜ, ಆದರೆ ಅದಿಲ್ಲದೆ 1961ರ ಅಂಕಿಗಳನ್ನು ಇಂದಿನವುಗಳೊಡನೆ ಹೋಲಿಸುವ ವಿದ್ಯಾರ್ಥಿ ಎರಡು ಜಿಲ್ಲೆಗಳ ಗಡಿಯಲ್ಲೇ ದಾರಿ ತಪ್ಪುತ್ತಾನೆ.

ಸಂರಕ್ಷಣೆಗೆ ಬಂದರೆ, ಇಲ್ಲಿ ಮಳೆಗಾಲವೇ ಮುಖ್ಯ ಶತ್ರು. ಗಾಳಿಯ ಸಾಪೇಕ್ಷ ತೇವಾಂಶ ಶೇ. 65ನ್ನು ಮೀರಿ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುವ ಅಪಾಯ ಹೆಚ್ಚುತ್ತದೆ. ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮ ಕೋಣೆಯ ಮಾಪಕ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಕಬ್ಬಿಣದ ರ‍್ಯಾಕುಗಳನ್ನು ಗೋಡೆಯಿಂದ ಒಂದು ಗೇಣು ದೂರಕ್ಕೆ ಸರಿಸಿ, ಕೆಳಗಿನ ಅರೆಯನ್ನು ಖಾಲಿ ಬಿಟ್ಟು, ಪುಸ್ತಕಗಳನ್ನು ಒತ್ತಾಗಿ ತುರುಕದೆ ಗಾಳಿಯಾಡುವಂತೆ ನಿಲ್ಲಿಸಿದ್ದೇವೆ. ವರದಿಗಳ ಪಿನ್ನುಗಳು ತುಕ್ಕು ಹಿಡಿದು ಕಾಗದವನ್ನೇ ತಿನ್ನುವುದರಿಂದ, ಬಂದ ಕೂಡಲೇ ಅವನ್ನು ಕಿತ್ತು ಹತ್ತಿಯ ನೂಲಿನಿಂದ ಹೊಲಿಸುತ್ತೇನೆ. ಬೈಂಡರು ಮೈದಾ ಅಂಟಿಗೆ ಮೈಲುತುತ್ತು ಬೆರೆಸುವುದು ಹುಳುಗಳನ್ನು ದೂರವಿಡಲು. ಸುಲಭವಾಗಿ ಮುರಿಯುವಷ್ಟು ಹಳದಿಗಟ್ಟಿದ ಗೆಜೆಟನ್ನು ಮಾತ್ರ ಬೈಂಡಿಂಗಿಗೆ ಕೊಡಬಾರದು. ಅದನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತೇವೆ, ಓದುಗರಿಗೆ ಸ್ಕ್ಯಾನ್ ಪ್ರತಿಯನ್ನು ಕೊಡುತ್ತೇವೆ.

ಸ್ಕ್ಯಾನ್ ಮಾಡುವಾಗ ಹಕ್ಕುಸ್ವಾಮ್ಯದ ಪ್ರಶ್ನೆ ಏಳುತ್ತದೆ. ಸರ್ಕಾರದ ಕೃತಿಗೂ ಪ್ರಕಟಣೆಯ ನಂತರ 60 ವರ್ಷಗಳ ಹಕ್ಕು ಇದ್ದರೂ, ಗೆಜೆಟಿನಲ್ಲಿ ಬಂದ ವಿಷಯವನ್ನೂ ಸದನದಲ್ಲಿ ಮಂಡನೆಯಾದ ಸಮಿತಿ ವರದಿಗಳನ್ನೂ ಮರುಮುದ್ರಿಸಲು 1957ರ ಕಾಯಿದೆ ಕೆಲವು ಷರತ್ತುಗಳೊಡನೆ ಅವಕಾಶ ಕೊಟ್ಟಿದೆ. ಆದ್ದರಿಂದ ನಮ್ಮ ಕೆಲಸ ಗೆಜೆಟಿನಿಂದಲೇ ಆರಂಭವಾಯಿತು. ಈಚಿನ ಸಂಚಿಕೆಗಳು ಇ-ರಾಜ್ಯಪತ್ರ ಜಾಲತಾಣದಲ್ಲಿ ಸಿಗುತ್ತವೆ. ಅವುಗಳಲ್ಲಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಗೆ ಸಂಬಂಧಿಸಿದವನ್ನು ಇಳಿಸಿಕೊಂಡು, ಪ್ರಕಟವಾದ ದಿನಾಂಕವನ್ನೇ ಕಡತದ ಹೆಸರಾಗಿಸಿ, ಒಂದು ಪ್ರತಿಯನ್ನು ಬೇರೆ ಕಟ್ಟಡದಲ್ಲಿ ಇರಿಸುತ್ತಿದ್ದೇವೆ.