ಊಟ ಬಿಟ್ಟ ಮಗಳಿಗೆ ಬೇಕಿರುವುದು ಬುದ್ಧಿಮಾತಲ್ಲ, ಚಿಕಿತ್ಸೆ

‘ಡಯೆಟ್ ಮಾಡ್ತಿದಾಳೆ, ಹಸಿವಾದರೆ ತಾನೇ ತಿಂತಾಳೆ’ ಎಂದು ಮನೆಯವರು ತಿಂಗಳುಗಟ್ಟಲೆ ಕಾಯುತ್ತಾರೆ. ದಪ್ಪಗಾಗುವ ಭಯಕ್ಕೆ ಊಟ ಬಿಡುವ ಕಾಯಿಲೆ ಅನೊರೆಕ್ಸಿಯಾ; ಅದರಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಹಸಿವಾಗುತ್ತದೆ, ಆದರೆ ತಿನ್ನಲು ಭಯ. ಮಾನಸಿಕ ಕಾಯಿಲೆಗಳ ಪೈಕಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಇದೂ ಒಂದು.

ಮೊದಲು ಗುರುತಿಸಿ. ಡಯೆಟ್ ಮಾಡುವವರು ಕೊಡಗಿನ ಸುಗ್ಗಿಹಬ್ಬ ಪುತ್ತರಿಯ ದಿನ ಎಲ್ಲರ ಜೊತೆ ಕೂತು ತಿನ್ನುತ್ತಾರೆ. ಕಾಯಿಲೆಯವಳು ಅಕ್ಕಿಯ ಕಡುಬು ಕಡಂಬುಟ್ಟನ್ನು ಚೂರುಚೂರು ಮಾಡಿ ತಟ್ಟೆಯಂಚಿಗೆ ಸರಿಸುತ್ತಾಳೆ. ಮನೆಮಂದಿಗೆಲ್ಲ ಬಡಿಸಿ ‘ನಂದು ಆಯ್ತು’ ಎನ್ನುತ್ತಾಳೆ. ಮುಟ್ಟು ನಿಲ್ಲುವುದು, ತಲೆಸುತ್ತು, ಕೂದಲು ಉದುರುವುದು, ಸದಾ ಚಳಿ. ಕೊಡಗಿನ ಮಳೆಗಾಲದಲ್ಲಿ ಸ್ವೆಟರ್ ಯಾರ ಕಣ್ಣಿಗೂ ಬೀಳದು; ಬೇಸಿಗೆಯಲ್ಲೂ ತೆಗೆಯದಿದ್ದರೆ ಗಮನಿಸಿ. ಒಮ್ಮೆಲೇ ವಿಪರೀತ ತಿಂದು ವಾಂತಿ ಮಾಡಿಕೊಳ್ಳುವ ಬುಲಿಮಿಯಾದಲ್ಲಿ ತೂಕ ಸರಿಯಾಗಿಯೇ ಇರಬಹುದು. ಊಟವಾದ ಕೂಡಲೇ ಬಾತ್‌ರೂಮು, ಬೆರಳಗಂಟಿನ ಮೇಲೆ ಗಾಯದ ಗುರುತು, ಊದಿದ ಕೆನ್ನೆ, ಸವೆದ ಹಲ್ಲು ಅದರ ಸುಳಿವು. ಹಾಕಿ ಆಡುವ ಹುಡುಗರಿಗೂ ಈ ಕಾಯಿಲೆಗಳು ಬರುತ್ತವೆ.

ನಂತರ ವೈದ್ಯರು. ನಾಡಿ, ಮಲಗಿದಾಗಿನ ಮತ್ತು ನಿಂತಾಗಿನ ಬಿಪಿ, ಪೊಟ್ಯಾಸಿಯಂ, ಫಾಸ್ಫರಸ್, ಇಸಿಜಿ ಇಷ್ಟನ್ನೂ ಕೇಳಿ ಮಾಡಿಸಿ. ರಕ್ತದ ವರದಿ ಸರಿಯಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ಬಹಳ ದಿನ ಏನೂ ತಿನ್ನದವಳಿಗೆ ಮನೆಯಲ್ಲೇ ಒಮ್ಮೆಲೇ ಹೊಟ್ಟೆ ತುಂಬಿಸಬೇಡಿ. ರಕ್ತದಲ್ಲಿನ ಫಾಸ್ಫರಸ್ ದಿಢೀರನೆ ಕುಸಿದು ಹೃದಯಕ್ಕೆ ಅಪಾಯ. ಹಾಗಿದ್ದಾಗ ಊಟ ಆಸ್ಪತ್ರೆಯಲ್ಲೇ ಶುರುವಾಗಬೇಕು.

ಹೆಚ್ಚಿನವರು ಎಡವುವುದು ಊಟದ ಮೇಜಿನಲ್ಲಿ. ಹದಿಹರೆಯದವರಿಗೆ ತಂದೆತಾಯಿಯೇ ಊಟದ ಹೊಣೆ ಹೊರುವ ಚಿಕಿತ್ಸಾಕ್ರಮ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡಿತು. ಚಿಕಿತ್ಸಕರ ಮಾರ್ಗದರ್ಶನದಲ್ಲೇ ಇದನ್ನು ಮಾಡಿ. ದಿನಕ್ಕೆ ಮೂರು ಊಟ, ಎರಡು ಮೂರು ತಿಂಡಿ, ಗಡಿಯಾರದ ಹೊತ್ತಿಗೆ. ತಟ್ಟೆಗೆ ಬಡಿಸುವವರು ನೀವು, ಅವಳಲ್ಲ. ‘ಎರಡು ನೂಪುಟ್ಟು (ಒತ್ತು ಶ್ಯಾವಿಗೆ) ಸಾಕಾ?’ ಎಂದು ಕೇಳಿದಿರೋ, ಚೌಕಾಸಿ ಶುರುವಾಯಿತು. ಪಕ್ಕದಲ್ಲಿ ಕೂತು ನೀವೂ ತಿನ್ನಿ. ಅಳು, ಕೂಗಾಟ ಬಂದರೆ ದನಿ ಏರಿಸದೆ ‘ಕಷ್ಟ ಆಗ್ತಿದೆ ಅಂತ ಗೊತ್ತು ಮಗಳೇ, ಇನ್ನೊಂದು ತುತ್ತು’ ಎನ್ನಿ, ಅಷ್ಟೇ. ಕ್ಯಾಲೊರಿ, ತೂಕ, ನೆಂಟರ ಮಕ್ಕಳ ಮಾತು ಬೇಡ. ‘ಈಗ ಮೈ ತುಂಬ್ಕೊಂಡಿದೀಯ’ ಎಂಬ ಹೊಗಳಿಕೆಯೂ ಅವಳ ಕಿವಿಗೆ ‘ದಪ್ಪ ಆದೆ’ ಎಂದೇ ಬೀಳುತ್ತದೆ. ಮದುವೆಮನೆಗೆ ಹೋಗುವ ಮುಂಚೆ ಅತ್ತೆ, ಚಿಕ್ಕಮ್ಮಂದಿರಿಗೂ ಹೇಳಿಡಿ. ಊಟದ ಮೇಲೆ ಒಂದು ಗಂಟೆ ಜೊತೆಗಿರಿ; ಆ ಹೊತ್ತಿನಲ್ಲಿ ಬಾತ್‌ರೂಮಿಗೆ ಒಬ್ಬಳೇ ಬೇಡ. ವಾಂತಿ ಮಾಡಿಕೊಂಡರೆ ಬೈಯಬೇಡಿ. ಕೂಡಲೇ ಬ್ರಷ್ ಮಾಡಿದರೆ ಆಮ್ಲಕ್ಕೆ ಮೆತ್ತಗಾದ ಹಲ್ಲು ಇನ್ನೂ ಸವೆಯುತ್ತದೆ, ನೀರಲ್ಲಿ ಬಾಯಿ ಮುಕ್ಕಳಿಸಲಿ.

ತೂಕದ ಯಂತ್ರವನ್ನು ಮನೆಯಿಂದ ಹೊರಗೆ ಹಾಕಿ, ತೂಕ ನೋಡುವುದು ಕ್ಲಿನಿಕ್ಕಿನ ಕೆಲಸ. ಹಸಿವಿನ ಟಾನಿಕ್ಕಿಗೆ ದುಡ್ಡು ಸುರಿಯಬೇಡಿ. ‘ಡಿಟಾಕ್ಸ್’ ಚಹಾ, ಭೇದಿ ಮಾತ್ರೆ ಸಿಕ್ಕಿದರೆ ಎಸೆಯಿರಿ: ಹೋಗುವುದು ಕೊಬ್ಬಲ್ಲ, ನೀರು ಮತ್ತು ಪೊಟ್ಯಾಸಿಯಂ.

ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೂ ಹೋಗಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪ್ರಜ್ಞೆ ತಪ್ಪಿದರೆ, ಎದೆಬಡಿತ ಏರುಪೇರಾದರೆ, ನೀರನ್ನೂ ಬಿಟ್ಟರೆ, ಸಾಯುವ ಮಾತಾಡಿದರೆ ಫೋನು ಹಿಡಿದು ಕೂರದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.